ಹಾಡು ಕೇಳಿದ ಊರು, ಮತ ಹಾಕಿದ ಊರು



2011ರ ನವೆಂಬರ್ ತಿಂಗಳು. ಬ್ರಹ್ಮಪುತ್ರಾ ನದಿಯ ದಂಡೆಯ ಗುವಾಹಟಿ ನಗರ. ಅಂದು ಆ ಊರಿನ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಮುಂಬೈಯಲ್ಲಿ ತೀರಿಕೊಂಡಿದ್ದರು. ಅವರ ಪಾರ್ಥಿವ ಶರೀರ ಊರಿಗೆ ಬಂದಿತ್ತು. ಕೊನೆಯ ಬಾರಿ ಮುಖ ನೋಡಲು ಲಕ್ಷಾಂತರ ಜನ ಸಾಲುಗಟ್ಟಿ ನಿಂತರು. ರಾತ್ರಿಯಾದರೂ ಸಾಲು ಕರಗಲಿಲ್ಲ. ಅಂತ್ಯಕ್ರಿಯೆಯನ್ನೇ ಒಂದು ದಿನ ಮುಂದಕ್ಕೆ ಹಾಕಬೇಕಾಯಿತು.

ಈಗ ಏಳು ವರ್ಷ ಹಿಂದಕ್ಕೆ ಹೋಗೋಣ. 2004ರ ಲೋಕಸಭಾ ಚುನಾವಣೆ. ಅದೇ ಗುವಾಹಟಿ. ಅದೇ ಭೂಪೇನ್ ಹಜಾರಿಕಾ. ಅವರು ಬಿಜೆಪಿ ಅಭ್ಯರ್ಥಿಯಾಗಿ ಕಣಕ್ಕೆ ಇಳಿದಿದ್ದರು. ಅಸ್ಸಾಮಿನಲ್ಲಿ ಅವರ ದನಿ ಗೊತ್ತಿಲ್ಲದ ಮನೆ ಇರಲಿಲ್ಲ. ಆದರೂ ಅವರು ಸೋತರು. ಗೆದ್ದದ್ದು ಕಾಂಗ್ರೆಸ್ಸಿನ ಕಿರಿಪ್ ಚಲಿಹಾ.

ಹಾಡುಗಾರರಿಗೆ ಜನ ಮತ ಹಾಕುವುದೇ ಇಲ್ಲ ಎನ್ನೋಣವೇ? ಹಾಗೆನ್ನುವಂತೆಯೂ ಇಲ್ಲ. ಇದೇ ಹಜಾರಿಕಾ 1967ರಲ್ಲಿ ನಾವೊಬೋಯಿಚಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಅಸ್ಸಾಂ ವಿಧಾನಸಭೆಗೆ ಹೋಗಿದ್ದರು. ಒಂದೇ ದನಿ. ಒಮ್ಮೆ ಗೆಲುವು, ಒಮ್ಮೆ ಸೋಲು. ಕೊನೆಗೆ ಯಾವ ರಾಜಕಾರಣಿಗೂ ಸುಲಭಕ್ಕೆ ಸಿಗದಷ್ಟು ಕಣ್ಣೀರು.

ಕೇಳುಗರೇ, ಇಂದಿನ ಮಾತು ಇದೇ ಒಗಟಿನ ಸುತ್ತ. ಹೆಸರಾಂತ ಹಾಡುಗಾರರು ಚುನಾವಣೆಯ ಕಣಕ್ಕೆ ಬಂದಾಗ ಏನಾಗುತ್ತದೆ? ಅವರ ಹಾಡು ಕೇಳಿ ಬಂದ ಜನ ಅವರ ಮಾತು ಕೇಳಿ ಮತ ಹಾಕುತ್ತಾರೆಯೇ?

ಮೊದಲು ಅಮೆರಿಕಕ್ಕೆ ಹೋಗೋಣ. ಅಲ್ಲಿ ಇದಕ್ಕೆ ಲೆಕ್ಕ ಇಟ್ಟವರಿದ್ದಾರೆ.

ಟೇಲರ್ ಸ್ವಿಫ್ಟ್ ಹೆಸರನ್ನು ನಿಮ್ಮ ಮನೆಯ ಮಕ್ಕಳ ಬಾಯಲ್ಲಾದರೂ ಕೇಳಿರುತ್ತೀರಿ. ಆಕೆ ಬಹಳ ವರ್ಷ ರಾಜಕೀಯದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಮೌನ ಮುರಿದರು. ಟೆನೆಸ್ಸಿ ರಾಜ್ಯದ ಇಬ್ಬರು ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ತಮ್ಮ ಮತ ಎಂದು ಇನ್‌ಸ್ಟಾಗ್ರಾಮಿನಲ್ಲಿ ಬರೆದರು. ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ವೋಟ್ ಡಾಟ್ ಆರ್ಗ್ ಎಂಬ ಸಂಸ್ಥೆಯ ಮೂಲಕ ನಂತರದ ಒಂದೇ ದಿನದಲ್ಲಿ ದೇಶದಾದ್ಯಂತ ಸುಮಾರು 65,000 ಮಂದಿ ನೋಂದಣಿಗೆ ಮುಂದಾದರು.

ಇಲ್ಲಿ ಒಂದು ವಿವರ ಹೇಳಬೇಕು. ನಮ್ಮಲ್ಲಿ ಮತಗಟ್ಟೆ ಅಧಿಕಾರಿ ಮನೆ ಬಾಗಿಲಿಗೇ ಬಂದು ಹೆಸರು ಬರೆದುಕೊಳ್ಳುವ ಪದ್ಧತಿ ಇದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಆ ಕೆಲಸ ಮತದಾರನದೇ. ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಅದನ್ನು ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ಬಿಟ್ಟುಬಿಡುತ್ತಾರೆ. ಆದ್ದರಿಂದ ಒಂದು ದಿನಕ್ಕೆ 65,000 ಎಂಬುದು ಸಣ್ಣ ಸಂಖ್ಯೆಯಲ್ಲ.

ಫಲಿತಾಂಶ ಏನಾಯಿತು? ಸೆನೆಟ್ ಸ್ಥಾನಕ್ಕೆ ನಿಂತಿದ್ದ ಫಿಲ್ ಬ್ರೆಡೆಸನ್ ಸೋತರು. ಅಂತರ ನೂರಕ್ಕೆ ಸುಮಾರು ಹನ್ನೊಂದು ಮತ. ಇನ್ನೊಬ್ಬ ಅಭ್ಯರ್ಥಿ ಜಿಮ್ ಕೂಪರ್ ಗೆದ್ದರು. ಆದರೆ ಅವರು ಗೆದ್ದ ನ್ಯಾಶ್‌ವಿಲ್ ಮೊದಲಿನಿಂದಲೂ ಅವರ ಪಕ್ಷದ ಗಟ್ಟಿ ನೆಲ.

ಆರು ವರ್ಷ ಕಳೆಯಿತು. 2024ರ ಸೆಪ್ಟೆಂಬರ್ 10ರ ರಾತ್ರಿ. ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ನಡುವಿನ ಟಿವಿ ಚರ್ಚೆ ಆಗತಾನೆ ಮುಗಿದಿತ್ತು. ಸ್ವಿಫ್ಟ್ ಮತ್ತೆ ಬರೆದರು. ತಮ್ಮ ಮತ ಹ್ಯಾರಿಸ್ ಅವರಿಗೆ ಎಂದರು. ಜೊತೆಗೆ ನೋಂದಣಿಯ ಸರ್ಕಾರಿ ಜಾಲತಾಣದ ಕೊಂಡಿಯನ್ನೂ ಕೊಟ್ಟರು. ಒಂದೇ ದಿನದಲ್ಲಿ ಆ ಕೊಂಡಿಯ ಮೂಲಕ ಸುಮಾರು 4 ಲಕ್ಷ ಜನ ಆ ತಾಣಕ್ಕೆ ಹೋದರು. ತಾಣಕ್ಕೆ ಹೋದವರೆಲ್ಲ ಹೆಸರು ನೋಂದಾಯಿಸಿದರು ಎಂದು ಅರ್ಥವಲ್ಲ. ಆದರೂ ಬಾಗಿಲವರೆಗೆ ಬಂದವರು 4 ಲಕ್ಷ.

ನವೆಂಬರಿನಲ್ಲಿ ಟ್ರಂಪ್ ಗೆದ್ದರು. ಪೈಪೋಟಿ ಬಿಗಿಯಾಗಿದ್ದ ಏಳು ರಾಜ್ಯಗಳೂ ಅವರ ಪಾಲಾದವು. ಅವುಗಳಲ್ಲಿ ಪೆನ್ಸಿಲ್ವೇನಿಯಾ ಕೂಡ ಒಂದು. ಅದು ಸ್ವಿಫ್ಟ್ ಹುಟ್ಟಿದ ರಾಜ್ಯ. ಅಲ್ಲಿನ ಅಂತರ ಸುಮಾರು 1 ಲಕ್ಷ 20 ಸಾವಿರ ಮತ. ಗಾಯಕಿ ಬಿಯಾನ್ಸೆ ಕೂಡ ಹ್ಯಾರಿಸ್ ಪರ ನಿಂತಿದ್ದರು. ತಮ್ಮ ಹಾಡನ್ನು ಪ್ರಚಾರಕ್ಕೆ ಕೊಟ್ಟರು. ತಮ್ಮ ತವರೂರು ಹ್ಯೂಸ್ಟನ್ನಿನ ಸಭೆಗೂ ಬಂದರು. ಹ್ಯೂಸ್ಟನ್ ಇರುವ ಟೆಕ್ಸಸ್ ರಾಜ್ಯವೂ ಟ್ರಂಪ್ ಅವರನ್ನೇ ಆರಿಸಿತು.

ಇಲ್ಲಿಯವರೆಗೆ ಕೇಳಿದ್ದನ್ನು ಕೂಡಿಸಿ ನೋಡೋಣ. ಹಾಡುಗಾರ್ತಿ ಕರೆದರೆ ಜನ ಎದ್ದು ಬರುತ್ತಾರೆ. ಪಟ್ಟಿಗೆ ಹೆಸರು ಸೇರಿಸುತ್ತಾರೆ. ಆದರೆ ಮತಗಟ್ಟೆಯ ಮರೆಯೊಳಗೆ ಹೋದ ಮೇಲೆ ಕೈ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಆ ದಾರಿಯನ್ನು ಹಾಕಿಕೊಟ್ಟವರು ಅಪ್ಪ ಅಮ್ಮ, ನೆರೆಹೊರೆ, ದಿನಸಿಯ ಬೆಲೆ, ಪಕ್ಷದ ಮೇಲಿನ ಹಳೆಯ ನಂಬಿಕೆ ಅಥವಾ ಸಿಟ್ಟು.

ಇದಕ್ಕೆ ಅಪವಾದವೂ ಇದೆ. ಓಪ್ರಾ ವಿನ್‌ಫ್ರೇ ಗಾಯಕಿಯಲ್ಲ, ಟಿವಿ ನಿರೂಪಕಿ. ಆದರೆ ಅವರ ವಿಚಾರ ಇಲ್ಲಿ ಹೇಳಲೇಬೇಕು. 2008ರ ಚುನಾವಣೆಗೆ ಅವರು ಬರಾಕ್ ಒಬಾಮಾ ಅವರನ್ನು ಬೆಂಬಲಿಸಿದರು. ಇಬ್ಬರು ಅರ್ಥಶಾಸ್ತ್ರಜ್ಞರು ಆ ಬೆಂಬಲವನ್ನು ಅಳೆಯಲು ಹೊರಟರು. ಓಪ್ರಾ ಅವರ ಪತ್ರಿಕೆ ಹೆಚ್ಚು ಓದುವ ಪ್ರದೇಶಗಳಲ್ಲಿ ಮತ ಹೇಗೆ ಬಿದ್ದಿದೆ ಎಂದು ನೋಡಿದರು. ಸುಮಾರು 10 ಲಕ್ಷ ಮತ ಅವರ ಮಾತಿನಿಂದ ಬಂದಿರಬಹುದು ಎಂದು ಅಂದಾಜಿಸಿದರು. ಆದರೆ ಅದು ಒಂದೇ ಪಕ್ಷದೊಳಗಿನ ಆಯ್ಕೆ. ಒಬಾಮಾ ಮತ್ತು ಹಿಲರಿ ಕ್ಲಿಂಟನ್ ನಡುವಿನ ಸ್ಪರ್ಧೆ. ಮತದಾರ ಅಲ್ಲಿ ಪಕ್ಷ ಬದಲಿಸಬೇಕಿರಲಿಲ್ಲ. ಮನಸ್ಸು ಇನ್ನೂ ತೂಗುಯ್ಯಾಲೆಯಲ್ಲಿತ್ತು. ಅಂಥ ಹೊತ್ತಿನಲ್ಲಿ ಮೆಚ್ಚಿನವರ ಮಾತಿಗೆ ತೂಕ ಬರುತ್ತದೆ.

ನೋಂದಣಿಯ ಮಾತು ಬಂದಿದ್ದರಿಂದ ಇನ್ನೊಂದು ಘಟನೆ ನೆನಪಾಗುತ್ತದೆ. ಹೆಚ್ಚು ಜನರಿಗೆ ಗೊತ್ತಿಲ್ಲದಿದ್ದರೂ ಇದು ಬಹಳ ಮುಖ್ಯವಾದದ್ದು. 1991ರಲ್ಲಿ ಆರ್.ಇ.ಎಂ. ಎಂಬ ಅಮೆರಿಕದ ವಾದ್ಯಗೋಷ್ಠಿ ಹೊಸ ಆಲ್ಬಂ ತಂದಿತು. ಆಗ ಸಿಡಿಗಳನ್ನು ಉದ್ದನೆಯ ರಟ್ಟಿನ ಡಬ್ಬಿಯಲ್ಲಿ ಮಾರುತ್ತಿದ್ದರು. ಆ ಡಬ್ಬಿಯ ಮೇಲೆಯೇ ಒಂದು ಮನವಿ ಪತ್ರ ಅಚ್ಚಾಗಿತ್ತು. ಮತದಾರರ ನೋಂದಣಿ ಸುಲಭವಾಗಲಿ ಎಂಬುದು ಅದರ ಒಕ್ಕಣೆ. ಕೊಂಡವರು ಕತ್ತರಿಸಿ, ಸಹಿ ಮಾಡಿ, ಕಳಿಸಿದರು. ಆ ಪತ್ರಗಳ ಕಟ್ಟುಗಳು ಸೆನೆಟ್ ಸದಸ್ಯರ ಕಚೇರಿಗೆ ಹೋದವು. 1993ರಲ್ಲಿ ಕಾನೂನು ಬಂತು. ವಾಹನ ಚಾಲನೆಯ ಪರವಾನಗಿ ಪಡೆಯುವಾಗಲೇ ಮತದಾರರ ಪಟ್ಟಿಗೂ ಹೆಸರು ಸೇರಿಸುವ ಅನುಕೂಲ ಸಿಕ್ಕಿತು. ಈ ಕಾನೂನಿಗೆ ಹಲವರು ದುಡಿದಿದ್ದರು. ಆದರೆ ಹಾಡುಗಾರರ ಪಾಲು ಅದರಲ್ಲಿ ನಿಜವಾಗಿಯೂ ಇದೆ. ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸಲು ಕೊಟ್ಟ ದನಿಗಿಂತ ಇದರ ಫಲ ಹೆಚ್ಚು ಕಾಲ ಬಾಳಿದೆ.

ಇಷ್ಟು ಹೊತ್ತು ಹಾಡುಗಾರರು ತಾವಾಗಿ ಮುಂದೆ ಬಂದ ಕತೆ ಕೇಳಿದಿರಿ. ಅವರನ್ನು ಕೇಳದೆಯೇ ಹಾಡನ್ನು ಎತ್ತಿಕೊಂಡು ಹೋದರೆ?

ಚುನಾವಣೆ ಬಂದಾಗ ನಮ್ಮ ಊರುಗಳಲ್ಲಿ ಏನಾಗುತ್ತದೆ, ನೆನಪಿಸಿಕೊಳ್ಳಿ. ಆಟೋದ ಮೇಲೆ ಮೈಕು ಕಟ್ಟುತ್ತಾರೆ. ಆ ವರ್ಷ ಓಡಿದ ಸಿನಿಮಾದ ಹಾಡಿನ ಧಾಟಿ ಹಿಡಿಯುತ್ತಾರೆ. ನಾಯಕನ ಹೆಸರಿನ ಜಾಗದಲ್ಲಿ ಅಭ್ಯರ್ಥಿಯ ಹೆಸರು ಕೂರುತ್ತದೆ. ಗಾಯಕನಿಗೂ ಪಕ್ಷಕ್ಕೂ ಸಂಬಂಧವಿರುವುದಿಲ್ಲ. 2022ರಲ್ಲಿ ಇಂಥ ಪ್ರಶ್ನೆ ಬೆಂಗಳೂರಿನ ನ್ಯಾಯಾಲಯಕ್ಕೂ ಬಂತು. ಕಾಂಗ್ರೆಸ್ಸಿನ ಭಾರತ್ ಜೋಡೋ ಯಾತ್ರೆಯ ವಿಡಿಯೊದಲ್ಲಿ ‘ಕೆಜಿಎಫ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು ಹಕ್ಕು ಹೊಂದಿದ್ದ ಸಂಗೀತ ಸಂಸ್ಥೆ ದೂರು ಕೊಟ್ಟಿತು. ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಕೆಳಗಿನ ನ್ಯಾಯಾಲಯ ಆದೇಶಿಸಿತು. ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ ಹೈಕೋರ್ಟ್ ಆ ಆದೇಶವನ್ನು ಬದಿಗೆ ಸರಿಸಿತು. ಸಿನಿಮಾದ ಒಂದು ಹಾಡು ರಾಷ್ಟ್ರೀಯ ಪಕ್ಷವನ್ನು ಕಟಕಟೆಗೆ ತಂದಿತ್ತು.

ಎರವಲು ಹಾಡಿನ ಇನ್ನೊಂದು ಕತೆ 1984ರದು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯು.ಎಸ್.ಎ.’ ಹಾಡು ಆಗ ಎಲ್ಲರ ಬಾಯಲ್ಲಿತ್ತು. ಪಲ್ಲವಿ ಕೇಳಿದರೆ ದೇಶಾಭಿಮಾನದ ಕೂಗು ಅನ್ನಿಸುತ್ತದೆ. ಚರಣಗಳಿಗೆ ಕಿವಿಗೊಟ್ಟರೆ ಬೇರೆಯೇ ಕತೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕನಿಗೆ ಊರಿನಲ್ಲಿ ಕೆಲಸವಿಲ್ಲ, ಗತಿಯಿಲ್ಲ. ಅಧ್ಯಕ್ಷ ರೊನಾಲ್ಡ್ ರೇಗನ್ ಆಗ ಎರಡನೆಯ ಅವಧಿಗೆ ಮತ ಕೇಳುತ್ತಿದ್ದರು. ನ್ಯೂಜೆರ್ಸಿಯ ಹ್ಯಾಮಂಟನ್ ಪಟ್ಟಣದ ಸಭೆಯಲ್ಲಿ ಸ್ಪ್ರಿಂಗ್‌ಸ್ಟೀನ್ ಹೆಸರು ಹೇಳಿ, ಅವರ ಹಾಡುಗಳಲ್ಲಿ ಭರವಸೆ ಇದೆ ಎಂದು ಹೊಗಳಿದರು. ನ್ಯೂಜೆರ್ಸಿ ಗಾಯಕರ ತವರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್ ವೇದಿಕೆಯಿಂದ ಗಾಯಕರು ಉತ್ತರ ಕೊಟ್ಟರು. ಅಧ್ಯಕ್ಷರು ತಮ್ಮ ಯಾವ ಆಲ್ಬಂ ಕೇಳಿರಬಹುದು ಎಂದು ಸಭಿಕರ ಮುಂದೆ ಅಚ್ಚರಿಪಟ್ಟರು. ನಂತರ ಕೆಲಸ ಕಳೆದುಕೊಂಡ ಕಾರ್ಮಿಕನೊಬ್ಬನ ಹಾಡನ್ನು ಹಾಡಿದರು. ಆ ಚುನಾವಣೆಯಲ್ಲಿ ರೇಗನ್ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯಗಳನ್ನು ಗೆದ್ದರು. ನ್ಯೂಜೆರ್ಸಿಯೂ ಅವರದಾಯಿತು.

ಕೇಳುಗರೇ, ಈವರೆಗಿನ ಕತೆಗಳಲ್ಲಿ ಹಾಡುಗಾರರು ಕಳೆದುಕೊಂಡದ್ದು ಕಡಿಮೆ. ಇನ್ನು ಮುಂದಿನ ಕತೆ ಹಾಗಲ್ಲ. ಅದು ರಕ್ತ ಹರಿದ ಕತೆ. ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಕೆರಿಬಿಯನ್ ಸಮುದ್ರದಲ್ಲಿ ಜಮೈಕಾ ಎಂಬ ದ್ವೀಪವಿದೆ. ಎಪ್ಪತ್ತರ ದಶಕದಲ್ಲಿ ಅಲ್ಲಿದ್ದದ್ದು ಸುಮಾರು 20 ಲಕ್ಷ ಜನ. ನಮ್ಮ ಒಂದು ಜಿಲ್ಲೆಯಷ್ಟು ಅನ್ನಿ. ಆ ಪುಟ್ಟ ನಾಡಿನ ರೆಗೇ ಸಂಗೀತ ಜಗತ್ತನ್ನೇ ಸುತ್ತಿತು. ಅಲ್ಲಿನ ರಾಜಕೀಯ ಆ ಸಂಗೀತದ ಜೊತೆ ಹೆಣೆದುಕೊಂಡಿತ್ತು. ಅಲ್ಲಿ ಎರಡು ಪಕ್ಷ, ಇಬ್ಬರು ನಾಯಕರು. ಒಬ್ಬರು ಮೈಕಲ್ ಮ್ಯಾನ್ಲಿ. ಇನ್ನೊಬ್ಬರು ಎಡ್ವರ್ಡ್ ಸಿಯಾಗ. ಸಿಯಾಗ ಸ್ವತಃ ಗ್ರಾಮಫೋನ್ ರೆಕಾರ್ಡು ತಯಾರಿಸುತ್ತಿದ್ದವರು. ಜಮೈಕಾದ ಮೊದಮೊದಲ ರೆಕಾರ್ಡಿಂಗ್ ಸಂಸ್ಥೆಗಳಲ್ಲಿ ಒಂದನ್ನು ಕಟ್ಟಿದವರು. ಆದರೆ ಹಾಡನ್ನು ಮತವಾಗಿಸುವ ವಿದ್ಯೆಯಲ್ಲಿ ಮೊದಲ ಹೆಜ್ಜೆ ಇಟ್ಟವರು ಮ್ಯಾನ್ಲಿ.

1972ರ ಚುನಾವಣೆಗೆ ಮುಂಚೆ ಅವರು ಗಾಯಕರ ಒಂದು ತಂಡವನ್ನೇ ಕರೆದುಕೊಂಡು ಊರೂರು ಸುತ್ತಿದರು. ಬಾಬ್ ಮಾರ್ಲಿ ಮತ್ತು ಅವರ ಹೆಂಡತಿ ರೀಟಾ ಕೂಡ ಆ ತಂಡದಲ್ಲಿದ್ದರು. ಮ್ಯಾನ್ಲಿ ಕೈಯಲ್ಲಿ ಒಂದು ಕೋಲು ಇರುತ್ತಿತ್ತು. ಅದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಕೊಟ್ಟದ್ದು ಎಂದು ಜನಕ್ಕೆ ತೋರಿಸುತ್ತಿದ್ದರು. ಜಮೈಕಾದ ರಾಸ್ತಫಾರಿ ಪಂಥದವರಿಗೆ ಸೆಲಾಸಿ ದೇವರೇ. ಆ ಕೋಲಿನ ಮೇಲೆ ಕ್ಲಾನ್ಸಿ ಎಕಲ್ಸ್ ಎಂಬ ಗಾಯಕ ಹಾಡು ಕಟ್ಟಿದರು. ಡೆಲ್‌ರಾಯ್ ವಿಲ್ಸನ್ ಹಾಡಿದ ‘ಬೆಟರ್ ಮಸ್ಟ್ ಕಮ್’ ಮ್ಯಾನ್ಲಿ ಪಕ್ಷದ ಘೋಷಣೆಯೇ ಆಯಿತು. ಒಳ್ಳೆಯ ದಿನ ಬರಲೇಬೇಕು ಎಂಬುದು ಅದರ ಹೆಸರಿನ ಅರ್ಥ. ಅದು ಮೊದಲು ಹುಟ್ಟಿದ್ದು ಪಕ್ಷಕ್ಕಾಗಿ ಅಲ್ಲ, ಕಷ್ಟದಲ್ಲಿದ್ದ ಗಾಯಕನೊಬ್ಬನ ಸ್ವಂತ ಅಳಲಿನಿಂದ. ಆದರೆ ಆ ಅಳಲು ಕಿಂಗ್‌ಸ್ಟನ್ನಿನ ಕೊಳೆಗೇರಿಗಳ ಅಳಲೂ ಆಗಿತ್ತು. ಮ್ಯಾನ್ಲಿ 53ರಲ್ಲಿ 37 ಸ್ಥಾನ ಗೆದ್ದರು.

ನಾಲ್ಕು ವರ್ಷದ ನಂತರ ದೃಶ್ಯ ಬದಲಾಯಿತು. ಎರಡೂ ಪಕ್ಷದ ಬೆಂಬಲಿಗರ ಕೈಗೆ ಬಂದೂಕು ಬಂದಿತ್ತು. ಬಾಬ್ ಮಾರ್ಲಿ ಈ ಹೊತ್ತಿಗೆ ಲೋಕಪ್ರಸಿದ್ಧ. ಊರು ಶಾಂತವಾಗಲಿ ಎಂದು 1976ರ ಡಿಸೆಂಬರ್ 5ರಂದು ಉಚಿತವಾಗಿ ಹಾಡಲು ಅವರು ಒಪ್ಪಿದರು. ಆ ಘೋಷಣೆ ಆದ ಮೇಲೆ ಮ್ಯಾನ್ಲಿ ಸರ್ಕಾರ ಅದೇ ತಿಂಗಳ 15ಕ್ಕೆ ಚುನಾವಣೆ ಎಂದು ಸಾರಿತು. ಶಾಂತಿಯ ಕಛೇರಿ ಒಂದೇ ಏಟಿಗೆ ಆಳುವ ಪಕ್ಷದ ಪ್ರಚಾರದಂತೆ ಕಾಣತೊಡಗಿತು. ಡಿಸೆಂಬರ್ 3ರ ರಾತ್ರಿ ಬಂದೂಕುಧಾರಿಗಳು ಮಾರ್ಲಿ ಮನೆಗೆ ನುಗ್ಗಿದರು. ಮಾರ್ಲಿ ಎದೆಯನ್ನು ಗುಂಡು ಸವರಿ ತೋಳಿಗೆ ಹೊಕ್ಕಿತು. ರೀಟಾ ತಲೆಗೆ ಗಾಯವಾಯಿತು. ವ್ಯವಸ್ಥಾಪಕ ಡಾನ್ ಟೇಲರ್ ಸಾವಿನ ಬಾಗಿಲಿಗೆ ಹೋಗಿ ಬಂದರು.

ಎರಡು ದಿನ ಕಳೆದು, ಅದೇ ಗಾಯದ ಮೈಯಲ್ಲಿ ಮಾರ್ಲಿ ವೇದಿಕೆ ಹತ್ತಿದರು. ಎದುರಿಗೆ ಸುಮಾರು 80,000 ಜನ. ಹಾಡು ಮುಗಿಸಿ ದೇಶ ಬಿಟ್ಟು ಹೋದರು. ಮ್ಯಾನ್ಲಿ ಪಕ್ಷ 60ರಲ್ಲಿ 47 ಸ್ಥಾನ ಗೆದ್ದಿತು.

1978ರ ಏಪ್ರಿಲಿನಲ್ಲಿ ಮಾರ್ಲಿ ಮತ್ತೆ ಬಂದರು. ಕಿಂಗ್‌ಸ್ಟನ್ನಿನ ಕ್ರೀಡಾಂಗಣದಲ್ಲಿ ಶಾಂತಿಗಾಗಿ ಮತ್ತೊಂದು ಕಛೇರಿ ನಡೆಯಿತು. ಹಾಡಿನ ನಡುವೆ ಇಬ್ಬರು ನಾಯಕರನ್ನೂ ವೇದಿಕೆಗೆ ಕರೆದರು. ಮ್ಯಾನ್ಲಿಯ ಕೈ, ಸಿಯಾಗರ ಕೈ, ಎರಡನ್ನೂ ಹಿಡಿದು ತಮ್ಮ ತಲೆಯ ಮೇಲೆ ಒಂದುಗೂಡಿಸಿ ಎತ್ತಿದರು. ಹಿಂದೆ ವಾದ್ಯಗಳು ನುಡಿಯುತ್ತಲೇ ಇದ್ದವು. ನಾಯಕರ ಮೈ ಮಾತ್ರ ಬಿಗಿದುಕೊಂಡಿತ್ತು. ಎರಡು ವರ್ಷ ಕಳೆದು 1980ರ ಚುನಾವಣೆ ಬಂತು. ಆ ವರ್ಷದ ಹಿಂಸೆಯಲ್ಲಿ ಸತ್ತವರು ಸುಮಾರು 800 ಮಂದಿ. ಈ ಬಾರಿ ಸಿಯಾಗ ಗೆದ್ದರು. ಮರುವರ್ಷ ಮಾರ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಜಮೈಕಾದಲ್ಲಿ ನಡೆದದ್ದನ್ನು ಒಂದು ಕ್ಷಣ ಹಿಂತಿರುಗಿ ನೋಡಿ. 1972ರಲ್ಲಿ ಹಾಡು ಗೆಲುವಿನ ಜೊತೆ ನಡೆಯಿತು. ಜನರ ಬಯಕೆಯೂ ಹಾಡಿನ ಬಯಕೆಯೂ ಆಗ ಒಂದೇ ಆಗಿತ್ತು. ನಂತರ ಅದೇ ಹಾಡುಗಾರರಲ್ಲಿ ಜಗತ್ತಿಗೇ ದೊಡ್ಡವನಾದವನ ಕೈಯಲ್ಲೂ ಬಂದೂಕುಗಳನ್ನು ಕೆಳಗಿಳಿಸಲು ಆಗಲಿಲ್ಲ.

ದನಿ ಎತ್ತಿದ ಹಾಡುಗಾರರು ತೆರುವ ಬೆಲೆ ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಚಿಲಿ ದೇಶದ ವಿಕ್ಟರ್ ಹಾರಾ 1970ರಲ್ಲಿ ಸಾಲ್ವಡಾರ್ ಅಯೆಂದೆ ಪರವಾಗಿ ಹಾಡಿದರು. ಅಯೆಂದೆ ಅಧ್ಯಕ್ಷರಾದರು. 1973ರ ಸೈನಿಕ ದಂಗೆಯ ನಂತರ ಹಾರಾ ಅವರನ್ನು ಸಾಂಟಿಯಾಗೊದ ಕ್ರೀಡಾಂಗಣವೊಂದರಲ್ಲಿ ಕೂಡಿಹಾಕಿ ಕೊಂದರು. ಇಂದು ಆ ಕ್ರೀಡಾಂಗಣಕ್ಕೆ ಅವರದೇ ಹೆಸರು.

ಅಮೆರಿಕದ ಡಿಕ್ಸಿ ಚಿಕ್ಸ್ ಎಂಬ ಮೂವರು ಹೆಣ್ಣುಮಕ್ಕಳ ತಂಡ ತೆತ್ತ ಬೆಲೆ ಬೇರೆ. ಅದರಲ್ಲಿ ರೇಡಿಯೊದ ಪಾಲೂ ಇದೆ. ಅದನ್ನು ರೇಡಿಯೊದಲ್ಲಿಯೇ ಹೇಳುವುದು ನ್ಯಾಯ. 2003ರ ಮಾರ್ಚ್ 10. ಇರಾಕ್ ಯುದ್ಧ ಇನ್ನೇನು ಶುರುವಾಗಲಿತ್ತು. ಲಂಡನ್ನಿನ ವೇದಿಕೆಯಲ್ಲಿ ಗಾಯಕಿ ನಟಾಲಿ ಮೇನ್ಸ್ ಒಂದು ಮಾತು ಆಡಿದರು. ಅಧ್ಯಕ್ಷ ಬುಷ್ ನಮ್ಮ ಟೆಕ್ಸಸ್ಸಿನವರು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ ಎಂಬುದು ಅದರ ಸಾರ. ಸುದ್ದಿ ಸಮುದ್ರ ದಾಟಿತು. ನೂರಾರು ಊರುಗಳ ರೇಡಿಯೊ ಕೇಂದ್ರಗಳು ಅವರ ಹಾಡುಗಳನ್ನು ನಿಲ್ಲಿಸಿದವು. ಲೂಸಿಯಾನಾದಲ್ಲಿ ಅವರ ಸಿಡಿಗಳನ್ನು ರಾಶಿ ಹಾಕಿ ಟ್ರ್ಯಾಕ್ಟರ್ ಹರಿಸಿದರು. ಅವರ ಕೇಳುಗರೂ ಬುಷ್ ಅವರ ಮತದಾರರೂ ಬಹುಪಾಲು ಒಂದೇ ಜನ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಬಹಳ ಮಂದಿ ಹಾಡನ್ನು ಬಿಟ್ಟರು. 2007ರಲ್ಲಿ ಆ ತಂಡಕ್ಕೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಆದರೆ ಅವರನ್ನು ಬೆಳೆಸಿದ ರೇಡಿಯೊ ಕೇಂದ್ರಗಳಲ್ಲಿ ಅವರ ದನಿ ಮೊದಲಿನಂತೆ ಮತ್ತೆ ಮೊಳಗಲಿಲ್ಲ.

ಬೆಲೆಯ ಮಾತು ಆಯಿತು. ಈಗ ಬೇರೊಂದು ದಾರಿ ಹಿಡಿದ ಹಾಡುಗಾರರನ್ನು ನೋಡೋಣ. ಇವರು ಇಂಥವರಿಗೆ ಮತ ಹಾಕಿ ಎನ್ನಲಿಲ್ಲ.

ಪಶ್ಚಿಮ ಆಫ್ರಿಕದ ಸೆನೆಗಲ್. 2011ರ ಜನವರಿ. ದಿನಕ್ಕೆ ಗಂಟೆಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಕತ್ತಲಲ್ಲಿ ಕೂತ ಕೆಲವು ರ‍್ಯಾಪ್ ಗಾಯಕರು ಮತ್ತು ಪತ್ರಕರ್ತ ಗೆಳೆಯರು ಒಂದು ಚಳವಳಿ ಹುಟ್ಟುಹಾಕಿದರು. ಅದರ ಹೆಸರು ‘ಇನ್ನು ಸಾಕು’ ಎಂದು ಅರ್ಥ ಕೊಡುವ ಫ್ರೆಂಚ್ ಮಾತು. ಮುಂದಾಳುಗಳು ಕಾವೊಲಾಕ್ ಊರಿನ ಕೆರ್ ಗಿ ಎಂಬ ರ‍್ಯಾಪ್ ಜೋಡಿ. ಮುದುಕ ಅಧ್ಯಕ್ಷ ಅಬ್ದುಲಾಯ್ ವಾದ್ ಮೂರನೆಯ ಅವಧಿಗೂ ನಿಲ್ಲಲು ಹೊರಟಿದ್ದರು. ಈ ಹುಡುಗರು ಓಣಿ ಓಣಿ ಸುತ್ತಿದರು. ನಿನ್ನ ಮತದಾರರ ಚೀಟಿಯೇ ನಿನ್ನ ಆಯುಧ ಎಂದು ಹಾಡಿದರು. ಯುವಕರನ್ನು ನೋಂದಣಿ ಕಚೇರಿಗೆ ಕರೆದೊಯ್ದರು. 2012ರ ಮಾರ್ಚಿನಲ್ಲಿ ವಾದ್ ಸೋತರು. ಗೆದ್ದ ಮ್ಯಾಕಿ ಸಾಲ್ ಅವರಿಗೆ ಮೂರರಲ್ಲಿ ಎರಡು ಪಾಲು ಮತ ಬಂತು.

ಅದೇ ಚುನಾವಣೆಗೆ ಸೆನೆಗಲ್ಲಿನ ವಿಶ್ವವಿಖ್ಯಾತ ಗಾಯಕ ಯೂಸೂ ಎನ್‌ದೂರ್ ತಾವೇ ಅಭ್ಯರ್ಥಿಯಾಗಲು ಹೊರಟಿದ್ದರು. ಬೇಕಾದಷ್ಟು ಸಿಂಧುವಾದ ಸಹಿಗಳಿಲ್ಲ ಎಂದು ಅಲ್ಲಿನ ಸಂವಿಧಾನ ಮಂಡಳಿ ಅವರ ಅರ್ಜಿಯನ್ನು ತಿರಸ್ಕರಿಸಿತು. ಲೋಕವೇ ಬಲ್ಲ ದೊಡ್ಡ ಹೆಸರಿಗಿಂತ, ಓಣಿಯ ಹುಡುಗರ ಹಾಡು ಆ ವರ್ಷ ಮತಪೆಟ್ಟಿಗೆಗೆ ಹತ್ತಿರವಾಗಿತ್ತು. ಕರೆಂಟು ಹೋದ ಮನೆಯಲ್ಲೇ ಆ ಹಾಡು ಹುಟ್ಟಿತ್ತು.

ಉಗಾಂಡಾದಲ್ಲಿ ಬಾಬಿ ವೈನ್ ಎಂಬ ಗಾಯಕ ತಾವೇ ಅಭ್ಯರ್ಥಿಯಾದರು. 2017ರ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದು ಸಂಸತ್ತಿಗೆ ಹೋದರು. 2021ರಲ್ಲಿ ಅಧ್ಯಕ್ಷ ಸ್ಥಾನಕ್ಕೇ ನಿಂತರು. ಪ್ರಚಾರದ ನಡುವೆ ಬಂಧನ, ಮತದಾನದ ದಿನ ಇಂಟರ್ನೆಟ್ ಬಂದ್. ಸರ್ಕಾರಿ ಲೆಕ್ಕದ ಪ್ರಕಾರ ಅವರಿಗೆ ಬಂದದ್ದು ನೂರಕ್ಕೆ ಸುಮಾರು 35 ಮತ. ಆ ಲೆಕ್ಕವನ್ನು ಅವರು ಒಪ್ಪಲಿಲ್ಲ.

ಈಗ ನಮ್ಮ ದೇಶಕ್ಕೆ ಮರಳೋಣ. ಹೊರದೇಶಗಳಲ್ಲಿ ಕಂಡದ್ದು ಇಷ್ಟು: ಹಾಡು ಜನರನ್ನು ಕೂಡಿಸುತ್ತದೆ, ಪಟ್ಟಿಗೆ ಸೇರಿಸುತ್ತದೆ. ಜನ ಮೊದಲೇ ನೊಂದಿದ್ದರೆ ಆ ನೋವಿಗೆ ಬಾಯಿ ಕೊಡುತ್ತದೆ. ನಮ್ಮಲ್ಲಿಯೂ ಹೀಗೆಯೇ ಇದೆಯೇ?

ಇದು ನಮಗೆ ಹೊಸದಲ್ಲ. 1937ರ ಚುನಾವಣೆಯಲ್ಲಿ ತಮಿಳು ರಂಗಭೂಮಿಯ ಗಾಯಕಿ ಕೆ.ಬಿ. ಸುಂದರಾಂಬಾಳ್ ಕಾಂಗ್ರೆಸ್ ಸಭೆಗಳಲ್ಲಿ ಹಾಡಿದ್ದರು. ಕರೆತಂದವರು ಎಸ್. ಸತ್ಯಮೂರ್ತಿ. ಇಂದು ‘ತಾರಾ ಪ್ರಚಾರಕರು’ ಎಂಬುದು ಕಾನೂನಿನ ಲೆಕ್ಕಕ್ಕೇ ಸೇರಿದೆ. ಮಾನ್ಯತೆ ಪಡೆದ ಪಕ್ಷವೊಂದು ಸಾಮಾನ್ಯವಾಗಿ 40 ಹೆಸರು ಕೊಡಬಹುದು. ಅವರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ.

ಭೋಜಪುರಿ ಗಾಯಕ ಮನೋಜ್ ತಿವಾರಿಯವರ ದಾರಿ ನೋಡಿ. 2009ರಲ್ಲಿ ಅವರು ಸಮಾಜವಾದಿ ಪಕ್ಷದಿಂದ ಗೋರಖ್‌ಪುರದಲ್ಲಿ ನಿಂತರು. ಅಲ್ಲಿನ ಜನ ಅವರ ಹಾಡು ಕೇಳಿ ಬೆಳೆದವರು. ಯೋಗಿ ಆದಿತ್ಯನಾಥರ ಎದುರು ಸೋತರು. 2014ರಲ್ಲಿ ಬಿಜೆಪಿಯಿಂದ ಈಶಾನ್ಯ ದೆಹಲಿಗೆ ಹೋದರು. ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದಿಂದ ಹೊಟ್ಟೆಪಾಡಿಗೆ ಬಂದವರು ಅಲ್ಲಿ ಬಹಳ. ಅಲ್ಲಿ ಗೆದ್ದರು. 2019ರಲ್ಲಿ ದೆಹಲಿಯ ಮಾಜಿ ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅವರನ್ನು ಮೂರೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ದನಿ ಅದೇ. ಪಕ್ಷ ಬೇರೆ, ಗಾಳಿ ಬೇರೆ. ತವರಿನಲ್ಲಿ ದಿನನಿತ್ಯದ್ದಾದ ಭಾಷೆ ಪರ ಊರಿನಲ್ಲಿ ನಮ್ಮವನು ಎಂಬ ಗುರುತಾಗುತ್ತದೆ. ಬೆಂಗಳೂರಿನಲ್ಲಿ ದುಡಿಯುತ್ತಿರುವ ಉತ್ತರ ಕರ್ನಾಟಕದ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಜಾಬಿನ ಸಿದ್ದು ಮೂಸೆವಾಲಾ ಕತೆ ಎದೆ ಕಲಕುವಂಥದು. ಮಾನ್ಸಾ ಜಿಲ್ಲೆಯ ಮೂಸಾ ಹಳ್ಳಿಯ ಹುಡುಗ. ಕೆನಡಾದಿಂದ ಬ್ರಿಟನ್ನಿನವರೆಗೆ ಪಂಜಾಬಿಗಳಿದ್ದಲ್ಲೆಲ್ಲ ಅವರ ಹಾಡು. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿನಿಂದ ಮಾನ್ಸಾ ವಿಧಾನಸಭಾ ಕ್ಷೇತ್ರಕ್ಕೆ ನಿಂತರು. ಸೆಲ್ಫಿಗೆ ಮುಗಿಬಿದ್ದವರಿಗೆ ಲೆಕ್ಕವಿರಲಿಲ್ಲ. ಫಲಿತಾಂಶ ಬಂದಾಗ ಆಮ್ ಆದ್ಮಿ ಪಕ್ಷದ ಅಭ್ಯರ್ಥಿಯ ಎದುರು 63,000ಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಆ ವರ್ಷ ಪಂಜಾಬಿನಲ್ಲಿ ಆಮ್ ಆದ್ಮಿ ಪಕ್ಷಕ್ಕೆ ಬಂದದ್ದು 117ರಲ್ಲಿ 92 ಸ್ಥಾನ. ಆ ಪ್ರವಾಹದಲ್ಲಿ ಘಟಾನುಘಟಿಗಳೇ ಕೊಚ್ಚಿಹೋಗಿದ್ದರು. ಮೇ 29ರಂದು ಮೂಸೆವಾಲಾ ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು 28. ಜೂನ್ ತಿಂಗಳ ಸುಡುಬಿಸಿಲಿನಲ್ಲಿ ಕೊನೆಯ ಪ್ರಾರ್ಥನೆಗೆಂದು ಮಾನ್ಸಾದ ಧಾನ್ಯ ಮಾರುಕಟ್ಟೆಯಲ್ಲಿ ಸೇರಿದ ಜನಕ್ಕೆ ಮೇರೆಯಿರಲಿಲ್ಲ. ಮತ ಕೊಡದಿದ್ದ ಊರೇ ಅಳುತ್ತಿತ್ತು. ಗುವಾಹಟಿಯ ಸಾಲು ನಿಮಗೆ ನೆನಪಾಗುತ್ತಿರಬೇಕು.

ಕನ್ನಡ ನಾಡಿನಲ್ಲಿ ಇದೇ ಪ್ರಶ್ನೆಗೆ ಬೇರೊಂದು ಉತ್ತರ ಸಿಕ್ಕಿತ್ತು. ಡಾ. ರಾಜ್‌ಕುಮಾರ್ ನಟರಷ್ಟೇ ಅಲ್ಲ, ಹಾಡುಗಾರರೂ ಹೌದು. 1974ರ ‘ಸಂಪತ್ತಿಗೆ ಸವಾಲ್’ ನಂತರ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. 1982ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂಬ ಗೋಕಾಕ್ ವರದಿಯ ಪರವಾಗಿ ಅವರು ಬೀದಿಗಿಳಿದರು. ಜಿಲ್ಲೆ ಜಿಲ್ಲೆ ಸುತ್ತಿದರು. ಜನಸಾಗರ ಸೇರಿತು. 1983ರ ಜನವರಿಯಲ್ಲಿ ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರ ಬಿದ್ದು, ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಬದಲಾವಣೆಗೆ ರೈತ ಚಳವಳಿಯಂಥ ಬೇರೆ ಕಾರಣಗಳೂ ಇದ್ದವು. ಆದರೆ ಗಮನಿಸಿ, ರಾಜ್‌ಕುಮಾರ್ ಯಾವ ಪಕ್ಷವನ್ನೂ ಸೇರಲಿಲ್ಲ. ಯಾವ ಚುನಾವಣೆಗೂ ನಿಲ್ಲಲಿಲ್ಲ. ಕರೆಗಳು ಬಾರದೆ ಇರಲಿಲ್ಲ. ಅವರ ಮಾತಿಗಿದ್ದ ತೂಕ ಉಳಿದದ್ದು ಈ ನಿಲುವಿನಿಂದಲೇ.

ಕೊನೆಗೆ ನೆರೆಯ ತೆಲಂಗಾಣ. ಜನರ ಕಷ್ಟದಿಂದ ಹುಟ್ಟಿದ ಹಾಡಿನ ಶಕ್ತಿ, ಹೆಸರಿನಿಂದ ಮತ ಕೇಳುವ ಹಾಡಿನ ಮಿತಿ, ಇಷ್ಟು ಹೊತ್ತು ಕೇಳಿದ ಈ ಎರಡೂ ಅಲ್ಲಿ ಒಬ್ಬನೇ ಮನುಷ್ಯನ ಬಾಳಿನಲ್ಲಿ ಕಾಣುತ್ತವೆ. ಅವರು ಗದ್ದರ್. ಹೆಗಲ ಮೇಲೆ ಕಂಬಳಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕೋಲು. ಕುಣಿದು ಹಾಡಿದರೆ ಕೂತ ಜನ ಎದ್ದು ನಿಲ್ಲುತ್ತಿದ್ದರು. ನಕ್ಸಲ್ ಚಳವಳಿಯ ಹಾಡುಗಾರರಾಗಿದ್ದ ಅವರು ದಶಕಗಳ ಕಾಲ ಚುನಾವಣೆಯನ್ನೇ ನಂಬಲಿಲ್ಲ. 1997ರಲ್ಲಿ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ಒಂದು ಗುಂಡು ಬೆನ್ನುಮೂಳೆಯ ಬಳಿ ಕೊನೆಯವರೆಗೂ ಉಳಿಯಿತು. ಪ್ರತ್ಯೇಕ ತೆಲಂಗಾಣದ ಹೋರಾಟದಲ್ಲಿ ಅವರ ಹಾಡೂ, ಗೋರೇಟಿ ವೆಂಕನ್ನ, ಅಂದೆಶ್ರೀ ಮುಂತಾದವರ ಹಾಡೂ ಹಳ್ಳಿ ಹಳ್ಳಿ ತಲುಪಿದವು. ಭಾಷಣ ಮುಟ್ಟದ ಕಡೆ ಡಪ್ಪಿನ ಸದ್ದು ಮುಟ್ಟಿತು. 2014ರಲ್ಲಿ ರಾಜ್ಯ ಬಂತು.

2018ರ ಡಿಸೆಂಬರ್ 7ರಂದು, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, ಗದ್ದರ್ ಬಾಳಿನಲ್ಲಿ ಮೊದಲ ಬಾರಿಗೆ ಮತ ಹಾಕಿದರು. ಆ ಚುನಾವಣೆಯಲ್ಲಿ ಅವರು ಕಾಂಗ್ರೆಸ್ ನೇತೃತ್ವದ ಕೂಟದ ಪರ ನಿಂತಿದ್ದರು. ಕೂಟ ಸೋತಿತು. ಎದುರು ಪಕ್ಷ 119ರಲ್ಲಿ 88 ಸ್ಥಾನ ಗೆದ್ದಿತು. 2023ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಅದೇ ಎದುರು ಪಕ್ಷದ ಸರ್ಕಾರ ಸಕಲ ಗೌರವದೊಂದಿಗೆ ಬೀಳ್ಕೊಟ್ಟಿತು. ನಾಲ್ಕು ತಿಂಗಳೊಳಗೆ ಚುನಾವಣೆ ಬಂತು. ಈ ಬಾರಿ ಕಾಂಗ್ರೆಸ್ ರಾಜ್ಯವನ್ನು ಗೆದ್ದಿತು. ಸಿಕಂದರಾಬಾದ್ ಕಂಟೋನ್ಮೆಂಟಿನಲ್ಲಿ ಅದೇ ಪಕ್ಷದಿಂದ ನಿಂತಿದ್ದ ಗದ್ದರ್ ಮಗಳು ವೆನ್ನೆಲ ಸೋತರು. 2025ರಿಂದ ತೆಲಂಗಾಣ ಸರ್ಕಾರ ಕೊಡುವ ಚಲನಚಿತ್ರ ಪ್ರಶಸ್ತಿಗಳಿಗೆ ಗದ್ದರ್ ಹೆಸರಿದೆ.